ಹೈಫನ್ ಹಾಕುವುದು ಓದುಗರ ಕೆಲಸವಲ್ಲ: ಐಎಸ್‌ಎಸ್‌ಎನ್ ಹುಡುಕಾಟಕ್ಕೆ ನಾನು ಮಾಡಿ ನೋಡಿದ ನಾಲ್ಕು ದಾರಿ

ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕೌಂಟರಿಗೆ ಬಂದು, "ಸರ್, ನಮ್ಮಲ್ಲಿ ಇಪಿಡಬ್ಲ್ಯು ತರಿಸೋದೇ ಇಲ್ವಾ?" ಅಂದಳು. ಅವಳು ನಿಂತ ಜಾಗದಿಂದ ಹತ್ತು ಹೆಜ್ಜೆ ಆಚೆ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯ ಬೈಂಡ್ ಮಾಡಿಸಿದ ಸಂಪುಟಗಳು ಎರಡು ಬೀರು ತುಂಬ ಇವೆ. ಹಿಂದಿನ ವಾರ ಅದೇ ಪತ್ರಿಕೆಯ ಲೇಖನಕ್ಕಾಗಿ ಬಸ್ಸು ಹತ್ತಿ ಬೇರೆ ಊರಿನ ಲೈಬ್ರರಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಳಂತೆ. ನಮ್ಮ ಒಪ್ಯಾಕ್‌ನಲ್ಲಿ, ಅಂದರೆ ಓದುಗರು ಕಂಪ್ಯೂಟರಿನಲ್ಲಿ ಹುಡುಕುವ ಕ್ಯಾಟಲಾಗಿನಲ್ಲಿ, 'ಇಪಿಡಬ್ಲ್ಯು' ಎಂದು ಹೊಡೆದರೆ ಏನೂ ಬರಲಿಲ್ಲ. ಗೈಡ್ ಕೊಟ್ಟ ಪಟ್ಟಿಯಲ್ಲಿದ್ದ ಐಎಸ್‌ಎಸ್‌ಎನ್ (ನಿಯತಕಾಲಿಕಗಳಿಗೆ ಕೊಡುವ ಎಂಟು ಸ್ಥಾನದ ಗುರುತಿನ ಸಂಖ್ಯೆ) ಹೊಡೆದರೂ ಬರಲಿಲ್ಲ.

ಹೆಸರಿನದು ಸುಲಭದ ಕೆಲಸ. ಕ್ಯಾಟಲಾಗ್ ದಾಖಲೆಯಲ್ಲಿ ಬೇರೆ ಹೆಸರುಗಳಿಗೆಂದೇ ಇರುವ 246ನೇ ಟ್ಯಾಗಿನಲ್ಲಿ ಸಂಕ್ಷಿಪ್ತ ಹೆಸರು ಸೇರಿಸಿ ಹತ್ತು ನಿಮಿಷದಲ್ಲಿ ಮುಗಿಸಿದೆ. ನಂಬರಿನದೇ ಎರಡು ತಿಂಗಳು ತಿಂದಿತು. ನನ್ನ ಒಲವು ಯಾವ ಕಡೆ ಎಂದು ಮುಚ್ಚಿಡುವುದಿಲ್ಲ: ಒಪ್ಯಾಕ್‌ನ ಹುಡುಕುವ ಬಾಕ್ಸಿಗೇ ಒಂದು ಚಿಕ್ಕ ಸ್ಕ್ರಿಪ್ಟ್ ಕಟ್ಟಿದ್ದು ನನಗೆ ಗೆದ್ದ ದಾರಿ. ಉಳಿದ ಮೂರನ್ನು ಯಾಕೆ ಬಿಟ್ಟೆ ಅಂತ ಬರೆಯುತ್ತಿದ್ದೇನೆ, ಅಷ್ಟೆ.

ನಮ್ಮ ಲೈಬ್ರರಿ ನಡೆಯುವುದು ಕೋಹಾ ಎಂಬ ತಂತ್ರಾಂಶದಲ್ಲಿ, ಅದರ ಹಿಂದೆ ಹುಡುಕಿಕೊಡುವುದು ಜೀಬ್ರಾ ಎಂಬ ಇಂಡೆಕ್ಸ್. ಇಪಿಡಬ್ಲ್ಯುನ ಮುದ್ರಿತ ಆವೃತ್ತಿಯ ಸಂಖ್ಯೆ 0012-9976. ಜೀಬ್ರಾ ಕಣ್ಣಿಗೆ ಹೈಫನ್ ಅಂದರೆ ಖಾಲಿ ಜಾಗ ಇದ್ದ ಹಾಗೆ. ಹಾಗಾಗಿ ಅಲ್ಲಿ ಸೇರುವುದು 0012 ಮತ್ತು 9976 ಎಂಬ ಎರಡು 'ಪದ'. ಒಟ್ಟಿಗೆ 00129976 ಎಂದು ಹೊಡೆದವರಿಗೆ ಸಿಗುವುದು ಸೊನ್ನೆ ಫಲಿತಾಂಶ. ಇದರ ಮೇಲೆ ನಮ್ಮದೇ ಇನ್ನೊಂದು ಅವಾಂತರ. ಕ್ಯಾಟಲಾಗ್ ದಾಖಲೆ ಬರೆಯುವ ಮಾರ್ಕ್ ನಮೂನೆಯಲ್ಲಿ ಐಎಸ್‌ಬಿಎನ್ (ಪುಸ್ತಕದ ಸಂಖ್ಯೆ) ಅನ್ನು 020ನೇ ಟ್ಯಾಗಿನಲ್ಲಿ ಹೈಫನ್ ಇಲ್ಲದೆ ಬರೆಯುವುದು ರೂಢಿ, ಐಎಸ್‌ಎಸ್‌ಎನ್ ಅನ್ನು 022ರಲ್ಲಿ ಹೈಫನ್ ಸಮೇತ. ಡೇಟಾ ಎಂಟ್ರಿಗೆ ಬಂದಿದ್ದ ಹುಡುಗರು ಐಎಸ್‌ಬಿಎನ್ ಚಾಳಿಯಲ್ಲೇ ಅರ್ಧಕ್ಕರ್ಧ ದಾಖಲೆಗಳಲ್ಲಿ ಹೈಫನ್ ಎತ್ತಿಬಿಟ್ಟಿದ್ದರು. ಅವನ್ನು ಬ್ಯಾಚ್ ತಿದ್ದುಪಡಿಯಲ್ಲಿ ಒಂದೇ ರೂಪಕ್ಕೆ ತಂದೆ. ನೀವು ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪಿದ್ದಲ್ಲ.

ಮೊದಲ ದಾರಿ, ಹೈಫನ್ ಇಲ್ಲದ ರೂಪವನ್ನೂ ದಾಖಲೆಯೊಳಗೇ ತುರುಕುವುದು. ಅದಕ್ಕೆ ನಾನು ಹಿಡಿದ ಜಾಗ 022ರ ಸಬ್‌ಫೀಲ್ಡ್ (ಒಳಖಾನೆ) ವೈ, ಆದರೆ ಅದು ಇರುವುದು ತಪ್ಪಾಗಿ ಅಚ್ಚಾದ ಸಂಖ್ಯೆಗೆ. ಸರಿಯಾದ ಸಂಖ್ಯೆಯನ್ನು ಅಲ್ಲಿ ಕೂರಿಸಿದರೆ ನಾಳೆ ಆ ದಾಖಲೆ ಇಂಡ್‌ಕ್ಯಾಟ್‌ನಂಥ, ಹಲವು ಲೈಬ್ರರಿಗಳ ಸಂಯುಕ್ತ ಕ್ಯಾಟಲಾಗಿಗೆ ಹೋದಾಗ ನಮ್ಮ ಸುಳ್ಳೂ ಜೊತೆಗೆ ಹೋಗುತ್ತದೆ. ಹತ್ತು ದಾಖಲೆಗೆ ಮಾಡಿ, ನಾಚಿಕೆಯಾಗಿ ಅಳಿಸಿದೆ.

ಎರಡನೆಯದು ಕೋಹಾದಲ್ಲೇ ಇರುವ 'ಸರ್ಚ್ ವಿತ್ ಐಎಸ್‌ಎಸ್‌ಎನ್ ವೇರಿಯೇಷನ್ಸ್' ಎಂಬ ಪ್ರಿಫರೆನ್ಸ್. ಆನ್ ಮಾಡಿದರೆ ಹೈಫನ್ ಇದ್ದರೂ ಇಲ್ಲದಿದ್ದರೂ ಸಿಗುತ್ತದೆ. ಒಂದು ಪೈಸೆ ಖರ್ಚಿಲ್ಲ. ಆದರೆ ಓದುಗರು ಪಕ್ಕದ ಡ್ರಾಪ್‌ಡೌನ್‌ನಲ್ಲಿ ಐಎಸ್‌ಎಸ್‌ಎನ್ ಆರಿಸಿಕೊಂಡಾಗ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಆ ಡ್ರಾಪ್‌ಡೌನ್ ಮುಟ್ಟುವವನು ನಾನೊಬ್ಬನೇ.

ಮೂರನೆಯದು ಜೀಬ್ರಾ ಬದಲು ಎಲಾಸ್ಟಿಕ್‌ಸರ್ಚ್ ಎಂಬ ಹುಡುಕುವ ತಂತ್ರಾಂಶ ಹಾಕುವುದು. ಇಂಥ ಸಂಖ್ಯೆಗಳಿಗೆಂದೇ ಅದರಲ್ಲಿ ಬೇರೆ ಬಗೆಯ ಫೀಲ್ಡ್ ಇದೆ, ಹೈಫನ್ ತಕರಾರೇ ಬರಲಿಲ್ಲ. ಸ್ನೇಹಿತರ ಮಷೀನಿನಲ್ಲಿ ಹಾಕಿ ನೋಡಿದಾಗ ನಿಜಕ್ಕೂ ಆಸೆಯಾಯಿತು. ಆದರೆ ಅದು ಜಾವಾ ಮೇಲೆ ಓಡುವ ಪ್ರಾಣಿ, ಮೆಮೊರಿ ಚೆನ್ನಾಗಿ ತಿನ್ನುತ್ತದೆ. ನಮ್ಮ ಸರ್ವರಿನಲ್ಲಿರುವುದೇ 4 ಜಿಬಿ. ಮೆಮೊರಿ ಕೇಳಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. ಅರ್ಜಿ ಫೈಲಿನಲ್ಲಿ ಸುಖವಾಗಿದೆ.

ಕಡೆಗೆ ಸ್ಕ್ರಿಪ್ಟ್. ಕೋಹಾದ 'ಒಪ್ಯಾಕ್ ಯೂಸರ್ ಜೆಎಸ್' ಎಂಬಲ್ಲಿ ನಾಲ್ಕಾರು ಸಾಲು. ಹುಡುಕುವ ಗುಂಡಿ ಒತ್ತಿದಾಗ ಬಾಕ್ಸಿನಲ್ಲಿರುವುದು ಐಎಸ್‌ಎಸ್‌ಎನ್ ಥರ ಕಂಡರೆ ನಡುವೆ ಹೈಫನ್ ಹಾಕಿ ಮುಂದೆ ಕಳಿಸು, ಇಷ್ಟೇ. ಪಿಡಿಎಫ್‌ನಿಂದ ಎತ್ತಿ ಅಂಟಿಸಿದಾಗ ಹೈಫನ್ ಬದಲು ಬರುವ ಉದ್ದ ಗೆರೆಯನ್ನೂ, ಫೋನಿನ ಕೀಲಿಮಣೆಯಿಂದ ಬರುವ ಕನ್ನಡ ಅಂಕಿಗಳನ್ನೂ ಅದೇ ಸರಿಪಡಿಸುತ್ತದೆ. ಒಂದು ಸಂಜೆಯ ಕೆಲಸ ಅಂದುಕೊಂಡು ಆ ಹುಡುಗಿಯನ್ನು ಕರೆದು, "ಈಗ ಹೊಡಿಯಮ್ಮ" ಅಂದೆ. ಆಗಲೂ ಬರಲಿಲ್ಲ!

ಅವಳ ಪಟ್ಟಿ ನೋಡಿದ ಮೇಲೆ ಗೊತ್ತಾಯಿತು. ಅದು ಎಕ್ಸೆಲ್ ಫೈಲು. ಹೈಫನ್ ಇಲ್ಲದೆ 00129976 ಎಂದು ತುಂಬಿದರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಉಳಿದದ್ದು 129976. 'ಕರೆಂಟ್ ಸೈನ್ಸ್' 113891 ಆಗಿ ಕೂತಿತ್ತು, 'ನೇಚರ್' 280836 ಆಗಿ. ಬೆಂಗಳೂರಿನ ವಿಜ್ಞಾನ ಅಕಾಡೆಮಿಯ 'ರೆಸೊನೆನ್ಸ್' ಮಾತ್ರ ಒಂದೇ ಸೊನ್ನೆ ಕಳೆದುಕೊಂಡು 9718044 ಆಗಿತ್ತು. ಅದೇ ರೆಸೊನೆನ್ಸ್‌ನ ಆನ್‌ಲೈನ್ ಸಂಖ್ಯೆ 0973-712 ಆದಮೇಲೆ ಕೊನೆಗೆ ಎಕ್ಸ್ ಅಕ್ಷರ. ಅಕ್ಷರ ಇದ್ದದ್ದರಿಂದ ಎಕ್ಸೆಲ್ ಅದನ್ನು ಮುಟ್ಟದೆ ಬಿಟ್ಟಿತ್ತು. ಯುಜಿಸಿ ಒಪ್ಪಿದ ಪತ್ರಿಕೆಗಳ 'ಕೇರ್' ಪಟ್ಟಿಯ ಕಾಲದಲ್ಲಿ ಇಂಥ ಫೈಲುಗಳು ವಿಭಾಗದಿಂದ ವಿಭಾಗಕ್ಕೆ ಎಷ್ಟು ಸಲ ಓಡಾಡಿದವೋ.

ಸೊನ್ನೆ ತುಂಬುವುದು ಕಷ್ಟವಲ್ಲ, ಎಡಗಡೆಗೆ ಎಂಟು ಸ್ಥಾನ ಆಗುವವರೆಗೆ ಹಾಕಿದರಾಯಿತು. ಆದರೆ ಆರಂಕಿಯ ಸಂಖ್ಯೆ ಹೊಡೆದವರೆಲ್ಲ ಐಎಸ್‌ಎಸ್‌ಎನ್ನೇ ಹುಡುಕುತ್ತಿದ್ದಾರೆ ಅಂತ ಹೇಗೆ ಹೇಳುವುದು? ಇಲ್ಲಿ ಕೈ ಹಿಡಿದದ್ದು ಕೊನೆಯ ತಾಳೆ ಅಂಕಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6ರಿಂದ ಹಿಡಿದು 2ರವರೆಗೆ ಗುಣಿಸಿ ಕೂಡಿ, ಕೊನೆಯ ಅಂಕಿಯನ್ನು ಸೇರಿಸಿದರೆ ಮೊತ್ತ 11ರಿಂದ ಭಾಗವಾಗಬೇಕು. ಇಪಿಡಬ್ಲ್ಯುಗೆ 93ಕ್ಕೆ 6 ಸೇರಿ 99. ರೆಸೊನೆನ್ಸ್ ಆನ್‌ಲೈನಿಗೆ 155, ಎಕ್ಸ್ ಅಂದರೆ 10, ಒಟ್ಟು 165. ಲೆಕ್ಕ ಕೂಡಿದರೆ ಮಾತ್ರ ಸ್ಕ್ರಿಪ್ಟ್ ಕೈ ಹಾಕುತ್ತದೆ, ಇಲ್ಲದಿದ್ದರೆ ಹೊಡೆದದ್ದು ಹೊಡೆದ ಹಾಗೇ ಹೋಗುತ್ತದೆ. ಹಾಗಿದ್ದೂ ಹನ್ನೊಂದರಲ್ಲಿ ಒಂದು ಸಂಖ್ಯೆ ಆಕಸ್ಮಿಕವಾಗಿ ಕೂಡಿಬಿಡಬಹುದು. ನಮ್ಮ ಆಕ್ಸೆಷನ್ ನಂಬರುಗಳು (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೆ ಹಾಕುವ ಕ್ರಮಸಂಖ್ಯೆ) ಇನ್ನೂ ಐದಂಕಿ ದಾಟಿಲ್ಲ, ಹಾಗಾಗಿ ನನಗೆ ಚಿಂತೆಯಿಲ್ಲ. ನಿಮ್ಮದು ಲಕ್ಷ ದಾಟಿದ್ದರೆ ಸೊನ್ನೆ ತುಂಬುವ ಸಾಲನ್ನು ಬಿಟ್ಟುಬಿಡಿ.

ಮುದ್ರಿತಕ್ಕೊಂದು, ಆನ್‌ಲೈನಿಗೊಂದು ಸಂಖ್ಯೆ ಇರುತ್ತದಲ್ಲ, ಇಪಿಡಬ್ಲ್ಯುನ ಆನ್‌ಲೈನ್ ಸಂಖ್ಯೆ 2349-8846. ಕಟ್ಟುನಿಟ್ಟಾಗಿ ನೋಡಿದರೆ ಎರಡು ದಾಖಲೆ ಮಾಡಿ 776ನೇ ಟ್ಯಾಗಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಬೇಕು. ನಾನು ಒಂದೇ ದಾಖಲೆಯಲ್ಲಿ 022 ಅನ್ನು ಎರಡು ಸಲ ಹಾಕಿದ್ದೇನೆ. ಬೈಯುವವರು ಬೈಯಲಿ.

ದೊಡ್ಡ ಸರ್ವರು, ನೋಡಿಕೊಳ್ಳುವ ಜನ ಇರುವ ವಿಶ್ವವಿದ್ಯಾಲಯದವರು ಎಲಾಸ್ಟಿಕ್‌ಸರ್ಚ್ ಹಾಕಿಕೊಳ್ಳಲಿ. ಒಬ್ಬ ಲೈಬ್ರೆರಿಯನ್, ಒಬ್ಬ ಅಟೆಂಡರ್ ಇರುವ ನಮ್ಮಂಥವರಿಗೆ ಸ್ಕ್ರಿಪ್ಟೇ ಸಾಕು. ಅದರ ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಕೋಹಾ ಅಪ್‌ಗ್ರೇಡ್ ಆದಾಗ ಹುಡುಕುವ ಬಾಕ್ಸಿನ ಐಡಿ ಬದಲಾದರೆ ಅದು ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ನಾನಂತೂ ಸೋಮವಾರ ಬಾಗಿಲು ತೆಗೆದ ಕೂಡಲೇ ಒಮ್ಮೆ 129976 ಹೊಡೆದು ನೋಡುತ್ತೇನೆ.