ಮುಟ್ಟದೆ ಸಿಗುವ ಪವಿತ್ರ ಜಲ: ಶಾಲೆಯ ಚಾಪೆಲಿಗೆ ಸೆನ್ಸರ್ ಯಂತ್ರ ಹೇಗಿದೆ?

ಚಾಪೆಲಿನ, ಅಂದರೆ ಶಾಲೆಯ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಕಲ್ಲಿನ ಬಟ್ಟಲು, ಅದರಲ್ಲಿ ಎರಡು ಬೆರಳಷ್ಟು ನೀರು. ಗುರುಗಳು (ಪಾದ್ರಿಗಳು) ಆಶೀರ್ವದಿಸಿದ ಈ ಪವಿತ್ರ ಜಲದಲ್ಲಿ ಬೆರಳದ್ದಿ ಕ್ಯಾಥೊಲಿಕರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. 400 ಮಕ್ಕಳಿರುವ ಶಾಲೆಯಾದರೆ ಒಳಗೆ ಹೋಗುವಾಗ 400 ಬೆರಳು, ಹೊರಗೆ ಬರುವಾಗ ಮತ್ತೆ 400. ಮೂಗು ಒರೆಸಿಕೊಂಡ ಬೆರಳೂ ಅದರಲ್ಲೇ, ಕೈ ತೊಳೆಯದೆ ಶೌಚಾಲಯದಿಂದ ಓಡಿಬಂದ ಬೆರಳೂ ಅದರಲ್ಲೇ. ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಟ್ರಿಯಾದ ಚರ್ಚುಗಳ ಪವಿತ್ರ ಜಲವನ್ನು ಪರೀಕ್ಷಿಸಿ 2013ರಲ್ಲಿ ಹೇಳಿದ್ದು ಇದನ್ನೇ: ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇವೆ, ಜನ ಹೆಚ್ಚು ಬರುವ ಚರ್ಚುಗಳಲ್ಲಿ ಇನ್ನೂ ಹೆಚ್ಚಿವೆ.

ಆ ಬಟ್ಟಲಿನ ಬದಲಿಗೆ ಗೋಡೆಗೆ ಹಾಕುವ ಸೆನ್ಸರ್ ಯಂತ್ರ ಬಂದಿದೆ. ಕೈ ಒಡ್ಡಿದರೆ ನಾಲ್ಕು ಹನಿ ಬೀಳುತ್ತದೆ, ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗಬಹುದು. ತಾನಾಗಿ ನೀರು ಕೊಡುವ ಯಂತ್ರ ಹೊಸ ಕಲ್ಪನೆಯೇನಲ್ಲ. ನಾಣ್ಯ ಹಾಕಿದರೆ ಪವಿತ್ರ ಜಲ ಸುರಿಸುವ ಯಂತ್ರವೊಂದನ್ನು ಅಲೆಕ್ಸಾಂಡ್ರಿಯದ ಹೀರೋ ಎಂಬ ಗ್ರೀಕ್ ಯಂತ್ರಜ್ಞ ಒಂದನೇ ಶತಮಾನದಲ್ಲೇ ವಿವರಿಸಿದ್ದ. ಈಗಿನವು ಬಹುಪಾಲು ಸೋಪಿನ ಡಿಸ್ಪೆನ್ಸರಿಗೇ ಶಿಲುಬೆಯ ಮುಖವಾಡ ಹಾಕಿದಂಥವು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಮೊದಲು ನೋಡಬೇಕಾದ್ದು ಪಂಪು. ಪವಿತ್ರ ಜಲಕ್ಕೆ ಆಶೀರ್ವದಿಸಿದ ಉಪ್ಪು ಸೇರಿಸುವ ಪದ್ಧತಿ ಹಲವು ಕಡೆ ಇದೆ. ಸೋಪಿಗೆಂದು ಮಾಡಿದ ಪಂಪಿನ ಒಳಗಿನ ಸ್ಪ್ರಿಂಗು, ಸ್ಕ್ರೂ, ಲೋಹದ ಗುಂಡು ಉಪ್ಪುನೀರಿಗೆ ತುಕ್ಕು ಹಿಡಿಯುತ್ತವೆ. ಹನಿಯ ಬಣ್ಣ ಕಂದಾಗುವುದು ಮೊದಲ ಸೂಚನೆ, ಆಮೇಲೆ ಮೋಟಾರು ಗುರ್ ಎನ್ನುತ್ತದೆ, ನೀರು ಬರುವುದಿಲ್ಲ. ಸಿಲಿಕೋನ್ ಕೊಳವೆಯನ್ನು ಹೊರಗಿನಿಂದ ರೋಲರುಗಳು ಅಮುಕುವ ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಈ ಕಾಟವಿಲ್ಲ, ಏಕೆಂದರೆ ನೀರು ತಾಗುವುದು ಕೊಳವೆಗೆ ಮಾತ್ರ. ಹಳೆಯದಾದರೆ ಕೊಳವೆಯೊಂದನ್ನೇ ಬದಲಿಸಿದರಾಯಿತು. ಬೇರೆ ಬಗೆಯ ಪಂಪು ಈಗಾಗಲೇ ಕೊಂಡಿದ್ದರೆ ಗುರುಗಳಿಗೆ ಹೇಳಿ ಉಪ್ಪಿಲ್ಲದೆ ಆಶೀರ್ವದಿಸಿದ ನೀರನ್ನೇ ತುಂಬಿಸಿ.

ಟ್ಯಾಂಕು ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ, ಅದನ್ನು ಒಪ್ಪಬೇಡಿ. ಒಂದು ಸಲಕ್ಕೆ ಅರ್ಧ ಮಿ.ಲೀ. ಧಾರಾಳ ಸಾಕು. 800 ಸಲಕ್ಕೆ 400 ಮಿ.ಲೀ. ಆಯಿತು. ಅರ್ಧ ಲೀಟರಿನ ಟ್ಯಾಂಕು ದಿನಕ್ಕೊಮ್ಮೆ ಖಾಲಿಯಾಗಿ ಹೊಸ ನೀರು ಬರುತ್ತದೆ. ಎರಡು ಲೀಟರಿನದಾದರೆ ಅದೇ ನೀರು ವಾರವಿಡೀ ನಿಂತು ಒಳಗೋಡೆಗೆ ಲೋಳೆ ಕಟ್ಟುತ್ತದೆ. ಬೆರಳು ಅದ್ದದಿದ್ದರೂ ನಿಂತ ನೀರು ನಿಂತ ನೀರೇ. ಹನಿಯ ಪ್ರಮಾಣ ಹೊಂದಿಸುವ ಗುಂಡಿ ಇರಲೇಬೇಕು. ನೊರೆ ಬರಿಸುವ ಅಥವಾ ಸಿಂಪಡಿಸುವ ಮೂತಿಯದು ಬೇಡ.

ಇನ್ನು ಹನಿ ತಟ್ಟೆ. ಯಂತ್ರದ ಕೆಳಗಿನ ಈ ತಟ್ಟೆಯಲ್ಲಿ ಸಂಜೆಯ ಹೊತ್ತಿಗೆ ಒಂದು ಚಮಚದಷ್ಟು ನೀರು ಸೇರಿರುತ್ತದೆ. ಯಂತ್ರ ಹನಿಸಲು ಅರೆಕ್ಷಣ ತಡವಾದರೆ ಪುಟ್ಟ ಮಕ್ಕಳು ನೇರ ಅದಕ್ಕೇ ಬೆರಳು ಹಾಕುತ್ತಾರೆ. ಹಳೆಯ ಬಟ್ಟಲೇ ಮತ್ತೆ ಬಂದ ಹಾಗಾಯಿತು, ಅದಕ್ಕಿಂತಲೂ ಕೊಳಕಾಗಿ. ಬೆರಳು ತೂರದಷ್ಟು ಸಣ್ಣ ಕಂಡಿಯ ಜಾಲರಿ ಇರುವ ತಟ್ಟೆಯನ್ನೇ ಕೇಳಿ, ದಿನವೂ ಒರೆಸಿ. ತಟ್ಟೆಯೇ ಇಲ್ಲದ ಮಾದರಿಯೂ ಬೇಡ, ನುಣುಪು ನೆಲದ ಮೇಲೆ ಹನಿ ಬಿದ್ದರೆ ಸಾಲಿನಲ್ಲಿ ಬರುವ ಮಕ್ಕಳು ಜಾರುತ್ತಾರೆ.

ಎತ್ತರದ ವಿಷಯದಲ್ಲಿ ಶಾಲೆಗಳು ಎಡವುತ್ತವೆ. ದೊಡ್ಡವರ ಎದೆಮಟ್ಟಕ್ಕೆ ಹಾಕಿದರೆ ಒಂದನೇ ತರಗತಿಯ ಮಗು ಕೈ ಮೇಲೆತ್ತಬೇಕು, ನೀರು ಅಂಗೈಯಿಂದ ಮೊಳಕೈವರೆಗೆ ಇಳಿದು ತೋಳು ಒದ್ದೆ. ಚಿಕ್ಕವರ ಬಾಗಿಲಿಗೆ ಮೂತಿ ನೆಲದಿಂದ 80 ಸೆಂ.ಮೀ. ಆಸುಪಾಸಿನಲ್ಲಿರಲಿ, ದೊಡ್ಡವರಿಗೆ ಬೇರೆಯದು. ಕಿಟಕಿಯ ಬಿಸಿಲು ನೇರ ಬೀಳುವ ಗೋಡೆಯನ್ನೂ ಬಿಡಿ. ಸೆನ್ಸರ್ ಕೆಲಸ ಮಾಡುವುದು ಇನ್‌ಫ್ರಾರೆಡ್ ಬೆಳಕಿನಿಂದ. ಬಿಸಿಲು ಬಿದ್ದಾಗ ಯಾರೂ ಇಲ್ಲದೆಯೂ ಹನಿಸುತ್ತದೆ, ಇಲ್ಲವೇ ಕೈ ಒಡ್ಡಿದರೂ ಸುಮ್ಮನಿರುತ್ತದೆ.

ತೊಳೆಯುವ ಕೆಲಸ ವಾರಕ್ಕೊಮ್ಮೆ ತಪ್ಪಬಾರದು. ಉಳಿದ ನೀರು ಆಶೀರ್ವದಿಸಿದ್ದಾದ್ದರಿಂದ ಚರಂಡಿಗೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೆ ಅಥವಾ ಸಕ್ರಿಸ್ತಿಯಲ್ಲಿ (ಪೂಜಾ ಸಾಮಗ್ರಿ ಇಡುವ ಕೋಣೆಯಲ್ಲಿ) ಮಣ್ಣಿಗಿಳಿಯುವ ತೊಟ್ಟಿಗೆ ಸುರಿಯಬೇಕು. ಟ್ಯಾಂಕನ್ನು ಸೋಪುನೀರು ಹಾಕಿ ಬಾಟಲಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 5% ಬ್ಲೀಚ್ ದ್ರಾವಣ 5 ಮಿ.ಲೀ. ಬೆರೆಸಿ ತುಂಬಿ, ಹತ್ತಿಪ್ಪತ್ತು ಸಲ ಹನಿಸಿ. ಕೊಳವೆಯೊಳಗೂ ಅದು ಹೋಗಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಹತ್ತು ನಿಮಿಷ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ಬರೀ ನೀರು ಓಡಿಸಿ. ಗಡಸು ನೀರಿನ ಬಿಳಿ ಪದರ ಮೂತಿಗೆ ಕಟ್ಟಿದ್ದರೆ ವಿನೆಗರ್ ಹಾಕಿ, ಆದರೆ ಬೇರೆ ದಿನ. ಬ್ಲೀಚಿಗೆ ವಿನೆಗರ್ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಯಂತ್ರದಿಂದ ಆಗದ ಕೆಲಸವನ್ನೂ ಹೇಳಬೇಕು. ಫ್ಲೂ, ದಡಾರ ಹರಡುವುದು ಮುಖ್ಯವಾಗಿ ಗಾಳಿಯಲ್ಲಿ. ದಡಾರ ಬಂದ ಮಗು ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿಯಬಲ್ಲದು. ಅದಕ್ಕೆ ಲಸಿಕೆಯೇ ಮುಖ್ಯ, ಬಲಿಪೂಜೆಯ (ಚರ್ಚಿನ ಮಾಸ್ ಪೂಜೆಯ) ಹೊತ್ತಿಗೆ ಎದುರುಬದುರು ಕಿಟಕಿ ತೆರೆದಿಡುವುದೂ ಬೇಕು. ವಾಂತಿಭೇದಿಯ ನೊರೊವೈರಸ್ ಸ್ಯಾನಿಟೈಸರಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಲೇಬೇಕು. ಔಷಧವಿಲ್ಲದೆ ಜ್ವರ ಬಿಟ್ಟು 24 ಗಂಟೆ, ವಾಂತಿಭೇದಿ ನಿಂತು 48 ಗಂಟೆ ಆಗುವವರೆಗೆ ಮಗು ಮನೆಯಲ್ಲಿರಲಿ. ಕಾಯಿಲೆಯವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯವನ್ನೂ ಕ್ಯಾಥೊಲಿಕ್ ಧರ್ಮಸಭೆ ಹೇರುವುದಿಲ್ಲ. ಹಾಗಿರುವಾಗ ಪೂರ್ಣ ಹಾಜರಿಗೆ ಬಹುಮಾನ ಕೊಟ್ಟು, ಜ್ವರದ ಮಗುವನ್ನು ಬೆಂಚಿಗೆ ಎಳೆತರುವ ಶಾಲೆ ಯಾವ ಯಂತ್ರ ಕೊಂಡರೂ ಪ್ರಯೋಜನವಿಲ್ಲ.

ಒಟ್ಟಿನಲ್ಲಿ, ಪೆರಿಸ್ಟಾಲ್ಟಿಕ್ ಪಂಪು, ಅರ್ಧ ಲೀಟರಿನ ಕಳಚಿ ತೊಳೆಯಬಹುದಾದ ಟ್ಯಾಂಕು, ಜಾಲರಿಯ ತಟ್ಟೆ ಮೂರೂ ಇದ್ದರೆ ಕೊಳ್ಳಿ. ಒಂದು ಇಲ್ಲದಿದ್ದರೂ ಬಟ್ಟಲನ್ನೇ ಇಟ್ಟುಕೊಂಡು ದಿನವೂ ನೀರು ಬದಲಿಸುವುದು ಮೇಲು. ಕೊಳ್ಳುವಾಗಲೇ ಬದಲಿ ಕೊಳವೆ ಎರಡು ಕೇಳಿ ತೆಗೆದುಕೊಳ್ಳಿ. ಈಸ್ಟರಿಗೆ ಮುಂಚಿನ ಶುಭ ಶುಕ್ರವಾರ, ಪವಿತ್ರ ಶನಿವಾರ ಹೇಗೂ ಪವಿತ್ರ ಜಲದ ಪಾತ್ರೆ ಬರಿದಾಗಿರುತ್ತದೆ. ಆಗಲೇ ಹಳೆಯ ಕೊಳವೆ ತೆಗೆದು ಹೊಸದು ಹಾಕಿ, ಬ್ಯಾಟರಿ ಬಿಚ್ಚಿ ಒಳಗೆಲ್ಲ ಒಣಗಿಸಿ ಇಡಬಹುದು.