ಅದಿರು ಲಾರಿ ಮತ್ತು ಟೆನಿಸ್ ಕೋರ್ಟ್: ಒಂದು ಕ್ಲಬ್‌ನಲ್ಲಿ 21 ವರ್ಷ

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಕ್ಲಬ್‌ಗೆ ಸೇರಿದ್ದು ಟೆನಿಸ್ ಆಡಲು. ಇಸ್ಪೀಟು, ಬಾರ್ ನೋಡಿ ಸೇರುವವರಿಗೆ ಈ ವಿಮರ್ಶೆಯಿಂದ ಜಾಸ್ತಿ ಉಪಯೋಗವಿಲ್ಲ. ಹೆಸರು ಬೇಡ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ, ಜಾಲಿಗಿಡಗಳ ನಡುವೆ ಇದೆ. ಆಡುವವರಿಗೆ ಅಷ್ಟು ಸಾಕು.

2003ರಲ್ಲಿ ನಾನು ಸೇರಿದಾಗ ಇದ್ದದ್ದು ಎರಡು ಮಣ್ಣಿನ ಕೋರ್ಟ್, ಒಂದು ಹೆಂಚಿನ ಕಟ್ಟಡ, ನಾಲ್ಕು ಬೆತ್ತದ ಕುರ್ಚಿ. ಪ್ರವೇಶ ಶುಲ್ಕ 2,000 ರೂಪಾಯಿ, ತಿಂಗಳಿಗೆ 75. ಕೋರ್ಟ್ ನೋಡಿಕೊಳ್ಳಲು ಮಾರ್ಕರ್ ಒಬ್ಬರಿದ್ದರು. ಮಧ್ಯಾಹ್ನ ಮೂರಕ್ಕೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ ಐದಕ್ಕೆ ಕೋರ್ಟ್ ರೆಡಿ ಮಾಡುತ್ತಿದ್ದರು. ನಮ್ಮ ಜೊತೆಗಾರ ಬರದಿದ್ದರೆ ಅವರೇ ಆಡುತ್ತಿದ್ದರು, ಬರಿಗಾಲಲ್ಲಿ. ಅವರ ಬ್ಯಾಕ್‌ಹ್ಯಾಂಡ್ ಸ್ಲೈಸ್‌ಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಆಟ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ, ಅರ್ಧ ಲೋಟ ಚಹಾ. ಆ ಕಾಲಕ್ಕೆ 5ಕ್ಕೆ 5 ಕೊಡುತ್ತೇನೆ.

ಆಮೇಲೆ ಚೀನಾಕ್ಕೆ ಕಬ್ಬಿಣ ಬೇಕಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅವರು ಕಟ್ಟುತ್ತಿದ್ದ ಸ್ಟೇಡಿಯಂಗೂ ನಮ್ಮ ಕೋರ್ಟಿಗೂ ಏನು ಸಂಬಂಧ ಅನ್ನಬಹುದು. ಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಬಳ್ಳಾರಿ, ಹೊಸಪೇಟೆ, ಸಂಡೂರು. ನಮ್ಮ ಭೀಮಸಮುದ್ರದ ಆಸುಪಾಸಿನ ಗುಡ್ಡಗಳಲ್ಲೂ ಅದಿರು ಇದೆಯಲ್ವಾ? ಹಗಲು ರಾತ್ರಿ ಲಾರಿ. ತೋಟದವರು ಅಡಿಕೆ ಹಿಂಗಾರದ ಮೇಲೆ ಧೂಳು ಕೂತಿದೆ ಎಂದು ಗೋಳಾಡುತ್ತಿದ್ದರು. ನಮ್ಮ ಹಳದಿ ಚೆಂಡು ಎರಡು ಸೆಟ್ ಮುಗಿಯುವಷ್ಟರಲ್ಲಿ ಕಾವಿ ಉಟ್ಟಿರುತ್ತಿತ್ತು.

ಧೂಳನ್ನು ನೀರು ಹೊಡೆದು ಕೂರಿಸಬಹುದು. ಹೊಡೆಯಲು ಜನ ಬೇಕಲ್ಲ? 2006ರಲ್ಲಿ ಮಾರ್ಕರ್ ಕೆಲಸ ಬಿಟ್ಟರು. "ಲಾರಿ ಲೈಸೆನ್ಸ್ ಆಗೈತೆ ಸಾರ್. ಇಲ್ಲಿ ತಿಂಗಳು ಪೂರಾ ರೋಲರ್ ಎಳೆದ್ರೆ ಬರೋದು, ಅಲ್ಲಿ ನಾಲ್ಕು ಟ್ರಿಪ್ಪಿಗೆ ಬರ್ತೈತೆ" ಎಂದರು. ಬೇಡ ಅನ್ನಲು ನಾನ್ಯಾರು? ಅವರ ಜಾಗಕ್ಕೆ ಬಂದ ಹುಡುಗ ಮೂರು ತಿಂಗಳು ಇದ್ದ. ಅವನ ನಂತರದವನು ಇಪ್ಪತ್ತು ದಿನ. ಅಡುಗೆಯವನೂ ಹೋದ. ಮಂಡಕ್ಕಿ ನಿಂತು ಗೋಬಿ ಮಂಚೂರಿ ಶುರುವಾಯಿತು.

2007ರಲ್ಲಿ ಪ್ರವೇಶ ಶುಲ್ಕ 25,000 ಆಯಿತು. 2009ಕ್ಕೆ 1 ಲಕ್ಷ. ಆದರೂ ಸೇರಲು ಕ್ಯೂ. ಹೊಸಬರು ಕೆಟ್ಟವರೇನಲ್ಲ, ಕೈ ಧಾರಾಳ. ಒಬ್ಬರು ಎರಡು ಡಜನ್ ಚೆಂಡು ಕೊಡಿಸಿದರು, ತಾವು ಒಂದು ದಿನವೂ ರ‍್ಯಾಕೆಟ್ ಹಿಡಿಯಲಿಲ್ಲ. ಬಂದ ದುಡ್ಡಲ್ಲಿ ಎಸಿ ಇಸ್ಪೀಟು ಕೋಣೆ, ಗ್ರಾನೈಟ್ ಹಾಕಿದ ಬಾರ್, ಮೇಲೆ ಆರು ರೂಮು ಎದ್ದವು. ರೂಮುಗಳನ್ನು ಲಾರಿ ಟ್ರಾನ್ಸ್‌ಪೋರ್ಟಿನವರು ತಿಂಗಳುಗಟ್ಟಲೆ ಹಿಡಿದರು. ಎರಡನೇ ಕೋರ್ಟ್ ಸ್ಕಾರ್ಪಿಯೊಗಳ ಪಾರ್ಕಿಂಗ್ ಆಯಿತು. ಯಾರೋ ರಿವರ್ಸ್ ತೆಗೆಯುವಾಗ ಗುದ್ದಿ ನೆಟ್ ಕಂಬ ವಾಲಿತು. ದೂರು ಪುಸ್ತಕದಲ್ಲಿ ಬರೆದೆ. ಕಾರ್ಯದರ್ಶಿಗಳು ಕರೆದು, "ಮೇಷ್ಟ್ರೇ, ಟೆನಿಸ್‌ನಿಂದ ಕ್ಲಬ್‌ಗೆ ತಿಂಗಳಿಗೆ ಎಷ್ಟು ಬರುತ್ತೆ, ನೀವೇ ಹೇಳಿ" ಎಂದರು. ಆಗ ಆಡುತ್ತಿದ್ದವರು ಒಂಬತ್ತು ಜನ, ತಲೆಗೆ ನೂರು. ಸುಮ್ನೆ ಎದ್ದು ಬಂದೆ.

ಇದು ನಮ್ಮ ಕಡೆಯ ಕತೆ ಮಾತ್ರ ಅಂದುಕೊಂಡಿದ್ದೆ. ಅಕ್ಕನ ಮಗ ಸ್ವಲ್ಪ ಕಾಲ ಅಮೆರಿಕದ ನಾರ್ತ್ ಡಕೋಟದಲ್ಲಿದ್ದ. ಅಲ್ಲಿ ಬಾಕನ್ ಎಂಬ ಕಲ್ಲಿನ ಪದರವನ್ನು ಒಡೆದು ಎಣ್ಣೆ ತೆಗೆಯುವ ಭರಾಟೆ. ವಿಲ್ಲಿಸ್ಟನ್ ಅನ್ನುವ ಸಣ್ಣ ಊರಿನ ಮನೆ ಬಾಡಿಗೆ ಒಂದು ಹೊತ್ತಿನಲ್ಲಿ ನ್ಯೂಯಾರ್ಕನ್ನೂ ಮೀರಿತ್ತು. ಊರಾಚೆ ಗಾಲ್ಫ್ ಮೈದಾನಕ್ಕೆ ಹೋದರೆ ಹುಲ್ಲು ಕತ್ತರಿಸುವ ಆಳೇ ಇಲ್ಲವಂತೆ. "ಎಲ್ಲ ಲಾರಿ ಓಡಿಸೋಕೆ ಹೋಗಿದಾರೆ ಮಾಮ" ಎಂದ. ನಾನು ನಕ್ಕಿದ್ದಕ್ಕೆ ಅವನಿಗೆ ಕಾರಣ ಗೊತ್ತಾಗಲಿಲ್ಲ. 2014ರ ಕೊನೆಗೆ ಎಣ್ಣೆ ಬೆಲೆ ಬಿತ್ತು, ಅಲ್ಲೂ ರೂಮುಗಳು ಖಾಲಿಯಾದವು.

ನಮ್ಮಲ್ಲಿ ಅದಕ್ಕೆ ಮೂರು ವರ್ಷ ಮೊದಲೇ ಖಾಲಿಯಾಗಿದ್ದವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. ಮರುವರ್ಷದ ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರಿನ ಸರದಿ. ಒಂದೇ ತಿಂಗಳಲ್ಲಿ ಎರಡನೇ ಕೋರ್ಟಿನ ಗಾಡಿಗಳು ಮಾಯ. ಉಳಿದದ್ದು ಆಯಿಲ್ ಕಲೆ ಮತ್ತು ಬಾರಿನ ಬಾಕಿ ಪುಸ್ತಕ.

ಮಾರ್ಕರ್ 2012ರಲ್ಲಿ ವಾಪಸ್ ಬಂದರು. ಸಾಲ ಮಾಡಿ ಸ್ವಂತ ಲಾರಿ ತಗೊಂಡಿದ್ದರಂತೆ. ಕಂತು ಕಟ್ಟಲಾಗದೆ ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರು. ಆ ವಿಷಯ ಅವರು ನನ್ನ ಹತ್ತಿರ ಎತ್ತಲಿಲ್ಲ. ನೇರವಾಗಿ ಹೋಗಿ ರೋಲರ್ ಹಿಡಿದರು. ಎರಡನೇ ಕೋರ್ಟಿನ ಮಣ್ಣನ್ನು ಅರ್ಧ ಅಡಿ ಕಿತ್ತು ಮತ್ತೆ ಹಾಕಿದರು. ಅಲ್ಲಿಂದ ಐದಾರು ವರ್ಷ ಆಡಿದಷ್ಟು ಚೆನ್ನಾದ ಟೆನಿಸ್ ನಾನು ಇಲ್ಲಿ ಆಡಿಲ್ಲ. ನಮ್ಮ ಕೋರ್ಟ್ ಚೆನ್ನಾಗಿದ್ದ ಆ ವರ್ಷಗಳಲ್ಲಿ ಅವರ ಮನೆ ಚೆನ್ನಾಗಿರಲಿಲ್ಲ. ಸ್ಟಾರ್ ಕೊಡುವಾಗ ಅದನ್ನು ಹೇಗೆ ಲೆಕ್ಕ ಹಾಕಬೇಕೋ ನನಗೆ ತಿಳಿಯದು.

ಈಗಿನ ಸ್ಥಿತಿ. 2013ರ ಏಪ್ರಿಲ್‌ನಲ್ಲಿ ಗಣಿಗಳಿಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಿತಿ. ಅದು 70 ಲಕ್ಷಕ್ಕೆ ಏರಿ, 2022ರ ಆಗಸ್ಟ್‌ನಲ್ಲಿ 1.5 ಕೋಟಿ ಟನ್ ಆಯಿತು. ಲಾರಿಗಳು ಮತ್ತೆ ಜಾಸ್ತಿಯಾಗಿವೆ, ಈ ಸಲ ಟಾರ್ಪಾಲು ಹೊದ್ದುಕೊಂಡು. ರೂಮುಗಳಿಗೆ ಗಾಳಿಯಂತ್ರದ ಕಂಪನಿಯವರೂ ಬರುತ್ತಾರೆ. ಅವರಲ್ಲಿ ಕೆಲವರು ನಿಜವಾಗಿಯೂ ಆಡುತ್ತಾರೆ, ಅದೊಂದು ಸಮಾಧಾನ. ಹೋದ ತಿಂಗಳು ಎರಡನೇ ಕೋರ್ಟಿನ ಅಂಚಿನಲ್ಲಿ ಎರಡು ಜೀಪು ನಿಂತಿದ್ದವು. ದೂರು ಪುಸ್ತಕ ತೆಗೆದೆ. ಟೆನಿಸ್ ಬಗ್ಗೆ ಅದರಲ್ಲಿದ್ದ ಕೊನೆಯ ದೂರು 2009ರದ್ದು, ನನ್ನದೇ ಅಕ್ಷರ.

ಒಟ್ಟು 5ಕ್ಕೆ 3. ಕ್ಯಾಂಟೀನ್‌ಗೆ 2, ಮಾರ್ಕರ್‌ಗೆ 5. ಅವರಿಗೆ ಈಗ ಮೊಣಕಾಲು ನೋವು, ಸ್ಲೈಸ್ ಮಾತ್ರ ಹಾಗೇ ಇದೆ. ಸೇರುವುದಾದರೆ ಬೆಳಗ್ಗೆ ಆರರಿಂದ ಎಂಟರ ಹೊತ್ತು ಹಿಡಿಯಿರಿ, ಚೆಂಡು ನೀವೇ ತನ್ನಿ. ಆಷಾಢದ ಸಂಜೆ ಚೆಂಡನ್ನು ಎತ್ತರಕ್ಕೆ ಎತ್ತುವ ಲಾಬ್ ಹೊಡೆಯಬೇಡಿ. ಆ ಗಾಳಿಗೆ ಚೆಂಡು ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೀಳುತ್ತದೆ.