ಘಾಟಿ ತಿರುವಿಗೆ ಯಾವ ಜೋಡಣೆ ಮೇಲು? ಟ್ರೇಲರ್‌ನ ಗಾಳಿ ಪೈಪು, ವಿದ್ಯುತ್ ಕೇಬಲ್‌ಗಳ ಹೋಲಿಕೆ

ಕುಶಾಲನಗರದಲ್ಲಿ ಕಾಫಿ ತುಂಬಿಕೊಂಡು, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುವ ಟ್ರೇಲರ್‌ನಲ್ಲಿ ನನ್ನ ಗಮನ ಸದಾ ಇರುವುದು ಮುಂದಿನ ಲಾರಿಗೂ ಹಿಂದಿನ ಟ್ರೇಲರ್‌ಗೂ ನಡುವೆ ತೂಗುವ ಎರಡು ಗಾಳಿ ಪೈಪು ಹಾಗೂ ವಿದ್ಯುತ್ ಕೇಬಲ್‌ಗಳ ಮೇಲೆ. ಕೆಂಪು ಪೈಪು ಟ್ರೇಲರ್‌ನ ಟ್ಯಾಂಕಿಗೆ ಸದಾ ಗಾಳಿ ಒದಗಿಸುತ್ತದೆ. ಅದು ಹರಿದರೆ ಟ್ರೇಲರ್‌ನ ಬ್ರೇಕ್ ತಾನಾಗಿಯೇ ಹಿಡಿದುಕೊಂಡು ಗಾಡಿ ತಿರುವಿನಲ್ಲೇ ನಿಲ್ಲುತ್ತದೆ. ಬ್ರೇಕ್ ತುಳಿದಾಗ ಅದರ ಸೂಚನೆಯನ್ನು ಗಾಳಿಯ ಮೂಲಕ ಟ್ರೇಲರ್‌ಗೆ ಒಯ್ಯುವ ಹಳದಿ ಪೈಪಿನದು ಇನ್ನೂ ದೊಡ್ಡ ಅಪಾಯ, ಏಕೆಂದರೆ ಬ್ರೇಕ್ ತುಳಿಯುವವರೆಗೆ ಅದು ಹರಿದಿರುವುದು ತಿಳಿಯುವುದೇ ಇಲ್ಲ.

ನಮ್ಮ ಗಾಡಿಗೆ ಮೊದಲಿದ್ದದ್ದು ಕ್ಯಾಬಿನ್ನಿನ ಹಿಂಬದಿಯ ಒಂದು ಪಕ್ಕದಿಂದ ಹೊರಡುವ ನೈಲಾನ್ ಸುರುಳಿ ಪೈಪು. ಹಗುರ, ಅಗ್ಗ, ಸಿಕ್ಕಿಸುವುದೂ ಸುಲಭ. ಮೈಸೂರಿನ ಕಡೆಯ ನೇರ ರಸ್ತೆಯಲ್ಲಿ ಅದರ ಮೇಲೆ ದೂರೇ ಇಲ್ಲ. ಆದರೆ ಟ್ರೇಲರ್ ತಿರುಗುವುದು ಕಿಂಗ್ ಪಿನ್ನಿನ ಸುತ್ತ, ಅಂದರೆ ಅದನ್ನು ಲಾರಿಗೆ ಸಿಕ್ಕಿಸುವ ದಪ್ಪ ಗೂಟದ ಸುತ್ತ. ಪೈಪಿನ ಲಾರಿ ಕಡೆಯ ತುದಿ ಒಂದು ಪಕ್ಕದಲ್ಲಿದ್ದರೆ ಒಂದು ಕಡೆ ತಿರುಗಿದಾಗ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ, ಇನ್ನೊಂದು ಕಡೆ ತಿರುಗಿದಾಗ ಕುಗ್ಗುತ್ತದೆ. ಹೀಗಾಗಿ ಒಂದು ತಿರುವಿನಲ್ಲಿ ಸುರುಳಿ ಬಿಗಿದು ತಂತಿಯಂತಾಗುತ್ತಿತ್ತು, ಮುಂದಿನ ತಿರುವಿನಲ್ಲಿ ಜೋತುಬಿದ್ದು ಚಾಸಿಯ ತಗಡಿಗೆ ಉಜ್ಜುತ್ತಿತ್ತು. ಚಳಿಗಾಲದ ಬೆಳಗ್ಗೆ ಮಡಿಕೇರಿಯಲ್ಲಿ ನೈಲಾನ್ ಗಡಸಾಗಿ, ಪೈಪಿನ ತುದಿಯ ಹಿಡಿಕೆಯ ಬುಡದಲ್ಲಿ ಮಡಿಕೆ ಬೀಳುವುದನ್ನೂ ಕಂಡಿದ್ದೇನೆ.

ಎರಡನೆಯದಾಗಿ ಹಾಕಿ ನೋಡಿದ್ದು ಅದೇ ಪಕ್ಕದಿಂದ ಹೊರಡುವ ರಬ್ಬರ್ ಪೈಪು. ಚಳಿಗೆ ಅದು ಜಗ್ಗಲಿಲ್ಲ, ಆದರೆ ತನ್ನ ಭಾರಕ್ಕೆ ಇನ್ನಷ್ಟು ಜೋತುಬಿದ್ದು, ಫಿಫ್ತ್ ವೀಲ್‌ನ (ಕಿಂಗ್ ಪಿನ್ ಕೂರುವ, ಲಾರಿಯ ಮೇಲಿನ ತಟ್ಟೆಯ) ಗ್ರೀಸು ಮೆತ್ತಿಕೊಂಡು ಬರುತ್ತಿತ್ತು. ಪೈಪಿನ ಜಾತಿ ಬದಲಿಸಿ, ಹೊರಡುವ ಜಾಗ ಬದಲಿಸದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ.

ಈಗಿರುವುದು ಮೂರನೆಯ ವ್ಯವಸ್ಥೆ: ಜೋಡಣೆಗಳನ್ನು ಕ್ಯಾಬಿನ್ನಿನ ಹಿಂದೆ ನಡುಮಧ್ಯಕ್ಕೆ ತಂದು, ರಬ್ಬರ್ ಪೈಪುಗಳನ್ನು ಸ್ಪ್ರಿಂಗ್ ಇರುವ ನಿಲುಗಂಬಕ್ಕೆ ತೂಗುಹಾಕಿರುವುದು. ಟ್ರೇಲರ್‌ನ ಮುಂಭಾಗದಲ್ಲೂ ಜೋಡಣೆ ಮಧ್ಯದಲ್ಲೇ ಇರುವುದರಿಂದ ಎಡಕ್ಕೆ ಬೇಕಾಗುವಷ್ಟೇ ಉದ್ದ ಬಲಕ್ಕೂ ಸಾಕಾಗುತ್ತದೆ; ಮಿಕ್ಕ ಸಡಿಲವನ್ನು ಕಂಬವೇ ಮೇಲೆತ್ತಿ ಹಿಡಿಯುತ್ತದೆ. ಖರ್ಚು ಹೆಚ್ಚು, ಮೆಕ್ಯಾನಿಕ್‌ನ ಕೆಲಸವೂ ಹೆಚ್ಚು, ಆದರೂ ಘಾಟಿಗೆ ನಾನು ಇದನ್ನೇ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಅಂಗಳದಲ್ಲೇ ಗಾಡಿಯನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು.

ವಿದ್ಯುತ್ ಕೇಬಲ್‌ಗೆ ಮಾತ್ರ ನಾನು ಸುರುಳಿಯನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದು ಹಗುರ, ಕಂಬದ ಮೇಲೆ ತೂಗಿದರೆ ಜೋತುಬೀಳುವುದಿಲ್ಲ. ನಮ್ಮ ಮಳೆಯಲ್ಲಿ ಕೇಬಲ್‌ಗೆ ನಿಜವಾದ ಶತ್ರು ಸಾಕೆಟ್‌ಗೆ ಇಳಿಯುವ ನೀರು. 24 ವೋಲ್ಟಿನ 7 ಪಿನ್ನಿನ ಸಾಕೆಟ್‌ನಲ್ಲಿ ಬಿಳಿ ತಂತಿಯ 1ನೇ ಪಿನ್ ಅರ್ಥ್, ಅಂದರೆ ದೀಪಗಳ ಕರೆಂಟು ಮರಳುವ ದಾರಿ. ಅದಕ್ಕೆ ಹಸಿರು ಕಿಲುಬು ಹಿಡಿದರೆ ಬ್ರೇಕ್ ತುಳಿದಾಗ ಬ್ರೇಕ್ ದೀಪದ ಜೊತೆಗೆ ಇಂಡಿಕೇಟರ್‌ಗಳೂ ಮಂಕಾಗಿ ಮಿಣುಕುತ್ತವೆ, ಮಂಜಿನಲ್ಲಿ ಹಿಂದೆ ಬರುವವನಿಗೆ ನಾವು ಏನು ಮಾಡುತ್ತಿದ್ದೇವೆಂದೇ ತಿಳಿಯದು. ಆದ್ದರಿಂದ ಜಾಗ ಬದಲಿಸುವಾಗಲೇ ಸಾಕೆಟ್‌ನ ಬಾಯಿ ಕೆಳಮುಖವಾಗಿರುವಂತೆ, ಮುಚ್ಚಳದ ಸ್ಪ್ರಿಂಗ್ ಬಿಗಿಯಾಗಿರುವಂತೆ ಕೂರಿಸಿದ್ದೇನೆ.